ಸಹಿಗೆ ಮುಂಚೆ ಒಂದು ಪ್ರಶ್ನೆ

ಸೆಪ್ಟೆಂಬರ್ 15 ಬಂತೆಂದರೆ ಜಿಲ್ಲೆಯ ಎಂಜಿನಿಯರುಗಳಿಂದ ಸರ್ ಎಂ.ವಿ. ಭಾವಚಿತ್ರಕ್ಕೆ ಹಾರ, ಭಾಷಣ, ಉಪ್ಪಿಟ್ಟು-ಕಾಫಿ. ಮಾರನೇ ದಿನ ಕೆಲವರು ಚಾರ್ಟರ್ಡ್ ಎಂಜಿನಿಯರ್ ಆಗಲು ಪಕ್ಕದವರ ಅನುಭವ ವರದಿಯನ್ನೇ ನಕಲು ಹೊಡೆದು ಅರ್ಜಿ ಗುಜರಾಯಿಸುತ್ತಾರೆ!

1920ರಲ್ಲಿ ಹುಟ್ಟಿ, 1935ರಲ್ಲಿ ರಾಯಲ್ ಚಾರ್ಟರ್ ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಕೊಡುವ ಈ ಪಟ್ಟ ಬರೀ ಬೋರ್ಡಿಗೆ ಬರೆಸುವ ಬಿರುದಲ್ಲ. ಹಳೇ ಯಂತ್ರಕ್ಕೆ ಬೆಲೆ ಕಟ್ಟುವಾಗ ಬ್ಯಾಂಕು, ಕಸ್ಟಮ್ಸಿನವರು ನಂಬುವುದು ಇಂಥವರ ಸಹಿಯನ್ನೇ.

ಅರ್ಜಿಯಲ್ಲಿ ‘ಇಲಾಖೆ ಸೇತುವೆ ಕಟ್ಟಿತು’ ಎಂದರೆ ಸಾಲದು. ಅದರಲ್ಲಿ ತಾನು ಹಾಕಿದ ಲೆಕ್ಕ ಯಾವುದು, ತಿದ್ದಿದ ತಪ್ಪು ಯಾವುದು ಎಂಬುದು ಬರಬೇಕು. ಶಿಫಾರಸು ಮಾಡುವ ಹಿರಿಯರೂ, ‘ಏನಪ್ಪಾ, ಪಾಯ ಎಷ್ಟು ಅಡಿ ತೆಗೆಸಿದ್ದೆ?’ ಎಂದು ಒಂದು ಮಾತು ಕೇಳಲಿ. ಉತ್ತರ ಬಾರದಿದ್ದರೆ ಪೆನ್ನು ಜೇಬಿಗೆ ಹೋಗಲಿ. ಸುಳ್ಳು ಅರ್ಜಿಯ ಭಾರ ಕೊನೆಗೆ ಬೀಳುವುದು ಸೇತುವೆ ದಾಟುವ ಜನರ ಮೇಲೆ.