ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆ ಕಾರಿನ ರಿಪೇರಿ ಹೀಗಾಗಬಾರದು

ಮುಂಬಯಿ ಮಹಾನಗರ ಮತ್ತು ಉಪನಗರಗಳ ಹೌಸಿಂಗ್ ಸೊಸೈಟಿಗಳ ಕಂಪೌಂಡಿನಲ್ಲಿ ಹೊದಿಕೆ ಹೊದ್ದು ನಿಂತಿರುವ ಹಳೆಯ ಕಾರುಗಳಿಗೆ ಲೆಕ್ಕವಿಲ್ಲ. ದಿನನಿತ್ಯದ ಓಡಾಟಕ್ಕೆ ಲೋಕಲ್ ರೈಲು, ಮೆಟ್ರೋ, ರಿಕ್ಷಾ ಇರುವುದರಿಂದ ಈ ಗಾಡಿಗಳು ಹೊರಗೆ ಬರುವುದು ರವಿವಾರ ಸಂಘದ ಕಾರ್ಯಕ್ರಮಕ್ಕೆ, ಮದುವೆ-ಮುಂಜಿಗೆ, ಆಸ್ಪತ್ರೆಗೆ ಮತ್ತು ವರ್ಷಕ್ಕೊಮ್ಮೆ ಮಕ್ಕಳ ರಜೆಯಲ್ಲಿ ಊರಿಗೆ. ಹೀಗೆ ಅಪರೂಪಕ್ಕೆ ಹೊರಡುವ ಗಾಡಿ, ಹೊರಡಲೇಬೇಕಾದ ದಿನವೇ ಹಠ ಹಿಡಿಯುತ್ತದೆ. ಕೀ ತಿರುಗಿಸಿದರೆ 'ಟಕ್' ಎಂಬ ಸದ್ದು ಮಾತ್ರ. ಇಲ್ಲವೇ ಸ್ಟಾರ್ಟ್ ಆದರೂ ಮೊದಲ ಸಿಗ್ನಲ್‌ನಲ್ಲೇ ಬಂದ್.

ಅನಂತರದ ದೃಶ್ಯ ಎಲ್ಲರಿಗೂ ಪರಿಚಿತ. ವಾಚ್‌ಮನ್ ಪೆಟ್ರೋಲಿನಲ್ಲಿ ಕಚರಾ ಇದೆ ಎನ್ನುತ್ತಾನೆ. ಭಾವ ಬ್ಯಾಟರಿ ಹೋಗಿದೆ ಎನ್ನುತ್ತಾರೆ. ಪಕ್ಕದ ಫ್ಲ್ಯಾಟಿನವರು ಮಾರಿಬಿಡಿ ಎಂದು ಸಲಹೆ ಕೊಡುತ್ತಾರೆ. ಗ್ಯಾರೇಜಿಗೆ ಹೋದ ಗಾಡಿಗೆ ಮೊದಲ ವಾರ ಹೊಸ ಬ್ಯಾಟರಿ, ಎರಡನೆಯ ವಾರ ಪ್ಲಗ್, ಮೂರನೆಯ ವಾರ ಪೆಟ್ರೋಲ್ ಪಂಪ್. ಕೊನೆಗೆ ನೋಡಿದರೆ ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತಿಂಗ್ ತಂತಿ ಸಡಿಲವಾಗಿತ್ತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಂತಹ ರಿಪೇರಿಗೆಂದೇ ಹುಟ್ಟಿದಂತಿದೆ. ಹಳೆ ಕಾರಿನ ನಿಜವಾದ ಕಾಯಿಲೆ ಅದರ ವಯಸ್ಸಲ್ಲ. ಪರೀಕ್ಷೆಯಿಲ್ಲದೆ ಅಂದಾಜಿನ ಮೇಲೆ ಸಾಮಾನು ಬದಲಾಯಿಸುವ ಪದ್ಧತಿ.

ವಯಸ್ಸೊಂದೇ ಕಾರಣವಾಗಿದ್ದರೆ ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಅಷ್ಟು ಕಾಲ ಬಾಳುತ್ತಿರಲಿಲ್ಲ. ಅವುಗಳಲ್ಲಿ ಕೊನೆಯವು 20 ವರ್ಷದ ಮಿತಿ ಮುಟ್ಟುವವರೆಗೂ ದುಡಿದು, 2023ರ ಅಕ್ಟೋಬರ್‌ನಲ್ಲಿ ನಿವೃತ್ತಿಯಾದವು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಉತ್ಪಾದನೆ 2014ರ ಜನವರಿಯಲ್ಲಿ ನಿಂತರೂ ಅದರ ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ದಿನಾ ಓಡಿಸುವ ಚಾಲಕನಿಗೆ ಗಾಡಿಯ ಸ್ವಭಾವ ಗೊತ್ತಿರುತ್ತದೆ. ಸದ್ದು ಬದಲಾದ ದಿನವೇ ಅವನು ಬಾನೆಟ್ ತೆರೆಯುತ್ತಾನೆ. ತಿಂಗಳಿಗೊಮ್ಮೆ ಓಡಿಸುವವರಿಗೆ ಆ ಪರಿಚಯ ಬೆಳೆಯುವುದೇ ಇಲ್ಲ.

ಮೊದಲ ಸಾಕ್ಷಿ ಮಾಲಕನೇ

ವೈದ್ಯರ ಬಳಿ ಹೋದವರು 'ಆರಾಮಿಲ್ಲ' ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಗ್ಯಾರೇಜಿನಲ್ಲಿ ಮಾತ್ರ 'ಸ್ಟಾರ್ಟ್ ಆಗುವುದಿಲ್ಲ, ನೋಡಿ' ಎಂದು ಕೀ ಕೊಟ್ಟು ಬರುವುದು ವಾಡಿಕೆ. ಇದರೊಳಗೆ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಸೆಲ್ಫ್ ತಿರುಗುವುದೇ ಇಲ್ಲವೇ? ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯುವುದಿಲ್ಲವೇ? ಅಥವಾ ಸರಿಯಾಗಿ ಸ್ಟಾರ್ಟ್ ಆಗಿ ದಾರಿಯಲ್ಲಿ ನಿಲ್ಲುತ್ತದೆಯೇ? ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎ.ಸಿ. ಹಾಕಿದಾಗಲೋ, ಮಳೆ ಬಂದ ಮರುದಿನವೋ? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

ಸೆಲ್ಫ್ ತಿರುಗದಿದ್ದರೆ ಮೊದಲು ನೋಡಬೇಕಾದದ್ದು ಬ್ಯಾಟರಿ. ಆದರೆ ನೋಡುವುದು ಬೇರೆ, ಬದಲಾಯಿಸುವುದು ಬೇರೆ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇದ್ದರೆ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಸಂಶಯಪಡಬೇಕು. ಎಂಜಿನ್ ಚಾಲೂ ಇರುವಾಗ 13.5ರಿಂದ 14.5ರೊಳಗೆ ಬಾರದಿದ್ದರೆ ತಪ್ಪು ಆಲ್ಟರ್ನೇಟರಿನದ್ದು ಅಥವಾ ಅದರ ಬೆಲ್ಟಿನದ್ದು. ಅಲ್ಲಿ ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನಗಳಲ್ಲಿ ಅದೂ ಮಲಗುತ್ತದೆ. ಬ್ಯಾಟರಿ ಸರಿಯಿದ್ದೂ 'ಟಕ್' ಎಂದಷ್ಟೇ ಕೇಳಿಸಿದರೆ ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಪುಡಿ, ಸಡಿಲ ಕ್ಲ್ಯಾಂಪ್, ಅರ್ತಿಂಗ್ ತಂತಿ ಮತ್ತು ಸ್ಟಾರ್ಟರ್ ಮೋಟಾರ್, ಈ ಕ್ರಮದಲ್ಲಿ ನೋಡುತ್ತ ಹೋಗಬೇಕು. ಮೊದಲಿನ ಮೂರಕ್ಕೆ ಖರ್ಚು ಬಹುತೇಕ ಇಲ್ಲ.

ನಿಂತ ಗಾಡಿಯನ್ನು ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಬಂದ್ ಮಾಡುವುದು ಒಳ್ಳೆಯದೆಂಬ ನಂಬಿಕೆ ಅನೇಕರಲ್ಲಿದೆ. ಸೆಲ್ಫ್ ಹೊಡೆಯಲು ಖರ್ಚಾದ ಕರೆಂಟು ಐದು ನಿಮಿಷದ ಐಡ್ಲಿಂಗ್‌ನಲ್ಲಿ ಸರಿಯಾಗಿ ಮರಳಿ ಬರುವುದಿಲ್ಲ. ಅರ್ಧ ಗಂಟೆ ಓಡಿಸಿ ಬರುವುದೇ ಮದ್ದು. ಸೊಸೈಟಿಯ ಹುಡುಗರನ್ನು ಕರೆದು ತಳ್ಳಿಸುವುದು ಕೂಡ ಕಾರ್ಬ್ಯುರೇಟರ್ ಕಾಲದ ಉಪಾಯ. ಎಂಪಿಎಫ್‌ಐ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪಿಗೂ ಕಂಪ್ಯೂಟರಿಗೂ ಕರೆಂಟಿಲ್ಲದೆ ತಳ್ಳಿದ್ದೆಲ್ಲ ವ್ಯರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿದರೆ ಅದಕ್ಕೂ ಹಾನಿ.

ಹಿಡಿಯದ ಎಂಜಿನ್, ನಿಲ್ಲುವ ಎಂಜಿನ್

ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪ್ರಶ್ನೆ ಎರಡೇ: ಪೆಟ್ರೋಲ್ ಬರುತ್ತಿದೆಯೇ, ಕಿಡಿ ಬರುತ್ತಿದೆಯೇ? ಎಂಪಿಎಫ್‌ಐ ಗಾಡಿಗಳಲ್ಲಿ ಕೀ 'ಆನ್' ಮಾಡಿದೊಡನೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಸಾಮಾನ್ಯವಾಗಿ ಕೇಳಿಸುತ್ತದೆ. ಕೇಳಿಸದಿದ್ದರೆ ಫ್ಯೂಸ್ ಮತ್ತು ರಿಲೇ ನೋಡದೆ ಪಂಪ್ ಬಿಚ್ಚಬಾರದು. ಸದ್ದು ಬಂದೂ ಹಿಡಿಯದಿದ್ದರೆ ಪ್ಲಗ್, ಕಾಯಿಲ್, ವಯರ್‌ಗಳ ಸರದಿ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಗಳಲ್ಲಿ ಮುಂಬಯಿ ಮಳೆಗಾಲದ ತೇವವೇ ದೊಡ್ಡ ಶತ್ರು. ಅದರ ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿದರೆ ಗುಣವಾಗುವ ಕಾಯಿಲೆಗೆ ಟೋ ಮಾಡಿಸಿದವರಿದ್ದಾರೆ. ಆದರೆ ಪೆಟ್ರೋಲ್ ವಾಸನೆ ಗಾಢವಾಗಿ ಬರುತ್ತಿದ್ದರೆ ಸೆಲ್ಫ್ ಹೊಡೆಯುವುದನ್ನು ತಕ್ಷಣ ನಿಲ್ಲಿಸಬೇಕು. ಅದು ಬೆಂಕಿಗೆ ಆಹ್ವಾನ.

ದಾರಿಯಲ್ಲಿ ನಿಲ್ಲುವ ಗಾಡಿ ಇನ್ನೂ ಕಷ್ಟದ ರೋಗಿ. ಸಿಗ್ನಲ್‌ನಲ್ಲಿ, ಅದರಲ್ಲೂ ಎ.ಸಿ. ಹಾಕಿದಾಗ ನಿಲ್ಲುವುದಾದರೆ ಕಾರ್ಬನ್ ಹಿಡಿದ ಥ್ರಾಟಲ್ ಬಾಡಿ, ಐಡ್ಲಿಂಗ್ ನಿಯಂತ್ರಿಸುವ ವಾಲ್ವ್ ಅಥವಾ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಕಡೆ ಬೆರಳು ತೋರಿಸುತ್ತದೆ. ಒಂದು ಗಂಟೆ ಓಡಿ ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ತಣಿದ ಬಳಿಕ ಏನೂ ಆಗದಂತೆ ಹೊರಟರೆ ಕಾಯಿಲ್, ಕ್ರ್ಯಾಂಕ್ ಸೆನ್ಸರ್ ಅಥವಾ ಪಂಪ್ ಮೇಲೆ ಅನುಮಾನ. ಇಂತಹ ಗಾಡಿ ಗ್ಯಾರೇಜ್ ತಲುಪುವಾಗ ಸರಿಯಾಗಿಯೇ ಇರುತ್ತದೆ. ಅದು ಕೆಟ್ಟು ನಿಂತ ಗಳಿಗೆಯಲ್ಲೇ ಪರೀಕ್ಷಿಸಬೇಕು. ಸ್ಕ್ಯಾನರ್ ಹಚ್ಚಿದರೆ ಕೋಡ್ ಸಿಗಬಹುದು, ಆದರೆ ಕೋಡ್ ಎಂದರೆ ತೀರ್ಪಲ್ಲ. ಅದು ಯಾವ ಸರ್ಕಿಟ್‌ನಲ್ಲಿ ತೊಂದರೆ ಎಂದು ಹೇಳುತ್ತದೆ. ಸೆನ್ಸರ್ ಕೆಟ್ಟಿದೆಯೋ, ಇಲಿ ಕಡಿದ ವಯರೋ ಎಂಬುದನ್ನು ಮನುಷ್ಯನೇ ನೋಡಬೇಕು.

ಸಿಎನ್‌ಜಿ ಗಾಡಿಗಳದ್ದು ಇನ್ನೊಂದು ಕಥೆ. ಸಾಮಾನ್ಯವಾಗಿ ಇವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಬಳಿಕ ಗ್ಯಾಸಿಗೆ ಹೊರಳುತ್ತವೆ. ಉಳಿತಾಯಕ್ಕೆಂದು ಟ್ಯಾಂಕಿನಲ್ಲಿ ಎರಡೇ ಲೀಟರ್ ಪೆಟ್ರೋಲ್ ಇಟ್ಟು ತಿಂಗಳುಗಟ್ಟಲೆ ಓಡಿಸಿದರೆ ಆ ಪೆಟ್ರೋಲ್ ಹಳಸುತ್ತದೆ, ಪಂಪ್ ಒಣಗುತ್ತದೆ, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಗ್ಯಾಸ್ ತುಂಬಿದ್ದರೂ ಗಾಡಿ ಹೊರಡದಿರುವುದು ಇದರಿಂದಲೇ.

ಈಗ ಪೆಟ್ರೋಲಿನ ಮಾತೂ ಸೇರಿದೆ. 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. 2023ರ ಏಪ್ರಿಲ್ ನಂತರದ ಗಾಡಿಗಳ ಸಾಮಾನು ಅದನ್ನು ತಾಳುವಂತೆ ತಯಾರಾಗಿದೆ. ಹಳೆಯ ಗಾಡಿಗಳ ರಬ್ಬರ್ ಪೈಪ್, ಗ್ಯಾಸ್ಕೆಟ್‌ಗಳಿಗೆ ಆ ಭರವಸೆ ಇಲ್ಲ. ಎಥೆನಾಲ್ ತೇವವನ್ನು ಎಳೆದುಕೊಳ್ಳುವ ಗುಣವುಳ್ಳದ್ದು. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿಗೆ ಇದು ಹಿತವಲ್ಲ. ಹಾಗೆಂದು ಪ್ರತಿ ತೊಂದರೆಯನ್ನೂ ಎಥೆನಾಲಿನ ತಲೆಗೆ ಕಟ್ಟುವುದು ಕೂಡ ಇನ್ನೊಂದು ಬಗೆಯ ಅಂದಾಜಿನ ರಿಪೇರಿಯೇ. ಪೈಪುಗಳನ್ನು ಪರೀಕ್ಷಿಸಿ, ಬಿರುಕಿದ್ದರೆ ಬದಲಾಯಿಸಿ, ಗಾಡಿಯನ್ನು ಓಡಿಸುತ್ತಿದ್ದರೆ ಸಾಕು.

ಘಾಟಿಯಲ್ಲಿ ನಿಂತರೆ?

ಇದು ಬರೇ ಹಣದ ಪ್ರಶ್ನೆಯಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಮುಂಬಯಿಯಿಂದ ಕರಾವಳಿಯ ಊರುಗಳಿಗೆ ಸುಮಾರು 900 ಕಿ.ಮೀ. ಪ್ರಯಾಣ. ಕೊಂಕಣದ ದಾರಿ ಹಿಡಿದರೂ, ಪುಣೆ-ಬೆಳಗಾವಿ-ಹುಬ್ಬಳ್ಳಿ ಮಾರ್ಗವಾಗಿ ಅರಬೈಲ್ ಘಾಟಿ ಇಳಿದರೂ ತಿರುವು, ಏರು, ಇಳಿಜಾರು ತಪ್ಪಿದ್ದಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು. ಹಿಂದಿನಿಂದ ಲಾರಿಗಳ ಸಾಲು. ಅಲ್ಲಿ ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ. ಬ್ರೇಕಿನ ಬೂಸ್ಟರ್‌ನಲ್ಲಿ ಒಂದೆರಡು ಬಾರಿ ಒತ್ತುವಷ್ಟು ನೆರವು ಮಾತ್ರ ಉಳಿದಿರುತ್ತದೆ. ಬಳಿಕ ಪೆಡಲ್ ಕಲ್ಲಿನಂತಾಗುತ್ತದೆ. ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಪೂರ್ತಿ ಬಲ ಬೇಕು. ಪೆಡಲನ್ನು ಪದೇ ಪದೇ ಒತ್ತದೆ ಒಂದೇ ಸಮನೆ ಒತ್ತಿ ಹಿಡಿದು ಎಡಬದಿಗೆ ತರಬೇಕು. ಗಾಬರಿಯಲ್ಲಿ ಕೀ ಹೊರಗೆಳೆದರೆ ಸ್ಟಿಯರಿಂಗ್ ಲಾಕ್ ಆಗುವ ಅಪಾಯವಿದೆ. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಎರಡು ಬಾರಿ ಕಾರಣವಿಲ್ಲದೆ ನಿಂತ ಗಾಡಿಯನ್ನು, ಕಾರಣ ಸಿಗುವವರೆಗೆ ಊರ ದಾರಿಗೆ ಇಳಿಸಲೇಬಾರದು. 'ಈಗ ಸರಿಯಾಗಿದೆಯಲ್ಲ' ಎಂಬ ಸಮಾಧಾನ ಘಾಟಿಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೆಕ್ಯಾನಿಕ್‌ಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಒಂದು ಗಂಟೆ ಕೂತು ವಯರ್ ವಯರ್ ಪರೀಕ್ಷಿಸಿದ್ದಕ್ಕೆ ಮುನ್ನೂರು ರೂಪಾಯಿ ಕೇಳಿದರೆ 'ಏನೂ ಹಾಕಲೇ ಇಲ್ಲವಲ್ಲ, ಯಾತಕ್ಕೆ ದುಡ್ಡು?' ಎನ್ನುವ ಗಿರಾಕಿ, ಮೂರು ಸಾವಿರದ ಪಂಪಿಗೆ ಚಕಾರವೆತ್ತದೆ ಹಣ ಎಣಿಸುತ್ತಾನೆ. ಬುದ್ಧಿಗೆ ಬೆಲೆಯಿಲ್ಲದ ಕಡೆ ಸಾಮಾನೇ ಮಾರಾಟವಾಗುತ್ತದೆ. ಪರೀಕ್ಷೆಗೆ ಪ್ರತ್ಯೇಕ ಮಜೂರಿ ಕೊಡಲು ಮಾಲಕರು ಮೊದಲು ಒಪ್ಪಬೇಕು. ಆಮೇಲೆ 'ಯಾವ ಪರೀಕ್ಷೆಯಿಂದ ಈ ಸಾಮಾನು ಕೆಟ್ಟಿದೆ ಎಂದು ಗೊತ್ತಾಯಿತು?' ಎಂದು ಕೇಳುವ ಹಕ್ಕು ತಾನಾಗಿ ಬರುತ್ತದೆ. ತೆಗೆದ ಹಳೆಯ ಸಾಮಾನನ್ನು ಮರಳಿ ಕೇಳಿ ಪಡೆಯುವುದೂ ಒಳ್ಳೆಯ ರೂಢಿ.

ಹೊಸ ಕಾರೇ ಕೊಂಡರೆ ಈ ತಲೆಬಿಸಿ ಯಾಕೆ ಎಂಬ ಮಾತೂ ಇದೆ. ತಳ ತುಕ್ಕು ಹಿಡಿದ, ಬ್ರೇಕ್ ನಂಬಲಾಗದ ಗಾಡಿಗೆ ಅದು ಸರಿಯಾದ ಮಾತು. ಅಂತಹದನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಡುವುದೇ ಲೇಸು. ಆದರೆ ಮುಂಬಯಿಯಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದರೂ, ತಪಾಸಣೆಯಲ್ಲಿ ಉತ್ತೀರ್ಣವಾದರೆ ಮತ್ತೆ 5 ವರ್ಷಕ್ಕೆ ನವೀಕರಣವಾಗುತ್ತದೆ. ನಿವೃತ್ತಿಯ ಬದುಕಿನಲ್ಲಿ ಕಂತು ಕಟ್ಟುವ ಶಕ್ತಿಯಿಲ್ಲದ ಹಿರಿಯರಿಗೆ ಸಾಲವಿಲ್ಲದ ಹಳೆ ಕಾರೇ ಆಧಾರ. ಅದು ಕೈಕೊಡದಂತೆ ನೋಡಿಕೊಳ್ಳುವುದೇ ಜಾಣತನ.

ಇಲ್ಲಿ ಸಂಘ-ಸಂಸ್ಥೆಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ವೈದ್ಯಕೀಯ ಶಿಬಿರ, ರಕ್ತದಾನ, ಉಚಿತ ಪುಸ್ತಕ ವಿತರಣೆಗಳನ್ನು ವರ್ಷ ವರ್ಷ ನಡೆಸುತ್ತಿರುವ ತುಳು-ಕನ್ನಡಿಗರ ಸಂಘಗಳಲ್ಲಿ ಗ್ಯಾರೇಜ್ ನಡೆಸುವವರೂ ಎಂಜಿನಿಯರಿಂಗ್ ಕಲಿತ ಯುವಕರೂ ಇದ್ದಾರೆ. ಎಪ್ರಿಲ್ ಕೊನೆಗೆ, ಚೌತಿಗೆ ಹದಿನೈದು ದಿನ ಮೊದಲು, ಒಂದೊಂದು ರವಿವಾರ ಬೆಳಿಗ್ಗೆ ವಾಹನ ತಪಾಸಣಾ ಶಿಬಿರ ಇಟ್ಟರೆ ಹೇಗೆ? ಬ್ಯಾಟರಿ, ಚಾರ್ಜಿಂಗ್, ಬೆಲ್ಟ್, ಪೈಪ್, ಟೈರ್, ಬ್ರೇಕ್ ಇಷ್ಟನ್ನು ನೋಡಿ ಚೀಟಿ ಬರೆದುಕೊಟ್ಟರೆ ಸಾಕು, ಸಾಮಾನು ಮಾರಬೇಕಾಗಿಲ್ಲ. ಭಾಷಣ, ಶಾಲು, ಹಾರ ಯಾವುದೂ ಬೇಡ. ಒಂದು ಮೀಟರ್, ಒಂದು ಟಾರ್ಚ್, ನಾಲ್ಕು ಬಲ್ಲವರ ಕೈಗಳು ಇದ್ದರೆ ಕೆಲವು ಕುಟುಂಬಗಳಾದರೂ ಘಾಟಿಯಲ್ಲಿ ರಾತ್ರಿ ಕಳೆಯದೆ ಊರು ಮುಟ್ಟಿಯಾವು.