ಕಾಲು ನಡೀತು, ಶರ್ಟಿನ ಗುಂಡಿ ಹಾಕೋರು ಯಾರು?

ದಾವಣಗೆರೆ: ಲಕ್ವ ಹೊಡೆದವರು ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸುತ್ತಾರೆ. ‘ಗುಣ ಆಯ್ತು’ ಅಂತ ಓಣಿಯೆಲ್ಲ ಹೇಳಿಕೊಂಡು ಬರುತ್ತಾರೆ. ಆಸ್ಪತ್ರೆಯವರ ಕೆಲಸವೂ ಡಿಸ್ಚಾರ್ಜ್ ಚೀಟಿಯೊಂದಿಗೆ ಮುಗಿಯುತ್ತದೆ. ಆಮೇಲೆ?

ಮಂಡಿಪೇಟೆಯ ಒಬ್ಬ ಕಿರಾಣಿ ವ್ಯಾಪಾರಿಯ ಕಥೆ ಅಂತಲೇ ಇಟ್ಟುಕೊಳ್ಳಿ. ಕಾಲು ನಡೀತು. ಆದರೆ ಬಲಗೈ ಬೆರಳು ಶರ್ಟಿನ ಗುಂಡಿಗೆ ಬಗ್ಗಲಿಲ್ಲ. ನೋಟು ಎಣಿಸೋಕೆ ಬರಲಿಲ್ಲ. ಪೊಟ್ಟಣಕ್ಕೆ ದಾರ ಸುತ್ತೋಕೆ ಆಗಲಿಲ್ಲ. ಶಟರ್ ಎತ್ತೋದಂತೂ ದೂರದ ಮಾತಾಯಿತು. ಮನುಷ್ಯ ಉಳಿದ, ಅಂಗಡಿ ಉಳಿಯಲಿಲ್ಲ. ಇಂಥವರು ನಮ್ಮ ಜಿಲ್ಲೆಯ ಯಾವ ಬೀದಿಯಲ್ಲಿಲ್ಲ ಹೇಳಿ?

ಡಿಸ್ಚಾರ್ಜ್ ಚೀಟಿಗೂ ಅಂಗಡಿಯ ಗಲ್ಲಾಪೆಟ್ಟಿಗೆಗೂ ನಡುವೆ ಒಂದು ಹಳ್ಳ ಇದೆ. ಆ ಹಳ್ಳಕ್ಕೆ ಸೇತುವೆ ಕಟ್ಟೋ ವಿದ್ಯೆಯೂ ಒಂದಿದೆ. ಅದರ ಹೆಸರು ಆಕ್ಯುಪೇಷನಲ್ ಥೆರಪಿ. ಅದನ್ನು ಓದಿ ಪಾಸಾದ ಹುಡುಗ ಹುಡುಗಿಯರು ಜಿಲ್ಲಾ ಊರುಗಳಲ್ಲಿ ಬೋರ್ಡು ಹಾಕಿದರೆ ಏನಾಗುತ್ತದೆ ಅನ್ನೋದೇ ಇವತ್ತಿನ ವಿಚಾರ.

ಹೆಸರಿನಲ್ಲೇ ತಕರಾರು

ಮೊದಲ ಕಷ್ಟ ಹೆಸರಿನದು. ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಅಂತಾರೆ. ಉದ್ಯೋಗ ಅಂದ ತಕ್ಷಣ ಜನ ಕೆಲಸ ಕೊಡಿಸೋ ಆಫೀಸು ಅಂದುಕೊಂಡರೆ ಅದು ಜನರ ತಪ್ಪಲ್ಲ. ಹಾಗಲ್ಲ ಅಂತ ಬಿಡಿಸಿ ಹೇಳಿದರೆ ‘ಓ, ಫಿಜಿಯೋನಾ?’ ಅಂತಾರೆ. ಫಿಜಿಯೋನೂ ಅಲ್ಲ ಅಂದರೆ ‘ಮತ್ತೆ ಮಾಲೀಸಾ?’ ಅಂತ ಕೇಳಿ ಎದ್ದು ಹೋಗುತ್ತಾರೆ.

ವ್ಯತ್ಯಾಸ ಇಷ್ಟೇ. ಫಿಜಿಯೋಥೆರಪಿಯವರು ಮುಖ್ಯವಾಗಿ ದೇಹದ ಚಲನೆ, ಸ್ನಾಯುವಿನ ಶಕ್ತಿ, ನೋವು ಇವನ್ನು ನೋಡುತ್ತಾರೆ. ಆಕ್ಯುಪೇಷನಲ್ ಥೆರಪಿಯವರು ಬಂದಷ್ಟು ಶಕ್ತಿಯಲ್ಲಿ ದಿನದ ಕೆಲಸ ಹೇಗೆ ನಡೀಬೇಕು ಅನ್ನೋದನ್ನು ನೋಡುತ್ತಾರೆ. ಇಲ್ಲಿ ‘ಆಕ್ಯುಪೇಷನ್’ ಅಂದರೆ ಸಂಬಳದ ಕೆಲಸ ಮಾತ್ರ ಅಲ್ಲ. ಮುಖ ತೊಳೆಯೋದು, ಊಟ ಮಾಡೋದು, ಸೀರೆ ಉಡೋದು, ರೊಟ್ಟಿ ಬಡಿಯೋದು, ಮಗು ಸ್ಲೇಟು ಹಿಡಿಯೋದು, ಅಂಗಡಿ ತಕ್ಕಡಿ ತೂಗೋದು ಎಲ್ಲವೂ ಅದೇ. ಇಬ್ಬರ ಕೆಲಸವೂ ಬೇಕು, ಒಬ್ಬರು ಮಾಡೋದನ್ನು ಇನ್ನೊಬ್ಬರು ತುಂಬಿಕೊಡೋಕೆ ಆಗಲ್ಲ. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯೂ ಇವೆರಡನ್ನು ಬೇರೆ ಬೇರೆ ವೃತ್ತಿಗಳೆಂದೇ ಪಟ್ಟಿ ಮಾಡಿದೆ. ಕಾಯ್ದೆಗೆ ಗೊತ್ತಿದ್ದದ್ದು ಪೇಟೆಗೆ ಗೊತ್ತಿಲ್ಲ.

ಹಾಗಂತ ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಯವರನ್ನು ಮದುವೆಯಾಗಿ ನಮ್ಮ ದೇಶದವರೇ ಆಗಿಹೋದ ಕಮಲಾ ನಿಂಬ್ಕರ್ ಎಂಬಾಕೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ಶುರು ಮಾಡಿಸಿದರು. 1952ರಲ್ಲಿ ಅಖಿಲ ಭಾರತ ಸಂಘವಾಯಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಇದರ ಪದವಿ ಕೋರ್ಸಿದೆ. ಅಂದರೆ ವಿದ್ಯೆಗೆ ಎಪ್ಪತ್ತು ವರ್ಷ ದಾಟಿದೆ. ಇಷ್ಟು ವರ್ಷವಾದರೂ ಜಿಲ್ಲಾ ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದರ ಹೆಸರು ಹೇಳಿದರೆ ಹತ್ತರಲ್ಲಿ ಒಬ್ಬರು ತಲೆಯಾಡಿಸಿದರೆ ಪುಣ್ಯ.

ಮಿಷನ್ ಎಲ್ಲಿ ಡಾಕ್ಟ್ರೇ?

ಬಹುಕಾಲದಿಂದ ಈ ಕೋರ್ಸು ನಾಲ್ಕು ವರ್ಷ ಓದು, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಎಂಬ ಲೆಕ್ಕದಲ್ಲಿ ನಡೆದು ಬಂದಿದೆ. ವಿಶ್ವ ಒಕ್ಕೂಟದ ಮಾನದಂಡದ ಪ್ರಕಾರ ಓದುವಾಗಲೇ ಕನಿಷ್ಠ 1000 ಗಂಟೆ ರೋಗಿಗಳ ನಡುವೆ ಕೆಲಸ ಮಾಡಿರಬೇಕು. ಇಷ್ಟು ಪಳಗಿ ಬಂದ ಹುಡುಗಿ ಊರಿಗೆ ವಾಪಸ್ ಬಂದು ರೂಮು ಹಿಡಿದಳು ಅನ್ನಿ. ರೂಮಿನಲ್ಲಿ ಏನಿರುತ್ತದೆ? ಒಂದು ಮೇಜು, ಎರಡು ಕುರ್ಚಿ, ಬಟ್ಟೆಗೆ ಹಾಕೋ ಕ್ಲಿಪ್ಪು, ಅವರೆಕಾಳು ತುಂಬಿದ ಡಬ್ಬಿ, ಗುಂಡಿ ಹೊಲಿದ ಬಟ್ಟೆ, ಬೀಗ ಬೀಗದಕೈ, ಮಕ್ಕಳಿಗೆ ಚೆಂಡು ಉಯ್ಯಾಲೆ.

ರೋಗಿಯ ಮಗ ಒಳಗೆ ಕಾಲಿಟ್ಟವನೇ ಸುತ್ತ ನೋಡುತ್ತಾನೆ. ಕರೆಂಟಿನ ಮಿಷನ್ ಇಲ್ಲ, ಲೈಟು ಮಿಣುಕಲ್ಲ, ಇಂಜೆಕ್ಷನ್ ಇಲ್ಲ. ಥೆರಪಿಸ್ಟು ಕೇಳೋ ಮೊದಲ ಪ್ರಶ್ನೆ: ‘ನಿಮ್ಮ ತಂದೆಯವರ ಬೆಳಗು ಹೇಗೆ ಶುರುವಾಗುತ್ತೆ? ಎಷ್ಟೊತ್ತಿಗೆ ಏಳ್ತಾರೆ? ಬಚ್ಚಲಿಗೆ ಎಷ್ಟು ಮೆಟ್ಟಿಲು?’ ಹುಡುಗನಿಗೆ ಅನುಮಾನ. ಹರಟೆ ಹೊಡೆಯೋಕೆ ಫೀಜು ಕೊಡಬೇಕಾ?

ಆದರೆ ಗುಟ್ಟಿರೋದು ಆ ಪ್ರಶ್ನೆಯಲ್ಲೇ. ಅವರೆಕಾಳು ಆರಿಸೋದು ಆಟ ಅಲ್ಲ; ಎರಡು ಬೆರಳು ಕೂಡಿಸೋ ಕಸರತ್ತು. ಅದು ಬಂದರೆ ನಾಣ್ಯ ಎತ್ತೋದು ಬರುತ್ತದೆ, ಗುಂಡಿ ಬರುತ್ತದೆ. ಪೆಟ್ಟು ತಿಂದ ಮಿದುಳು ಪದೇ ಪದೇ ಮಾಡಿದ ಕೆಲಸದಿಂದಲೇ ಹೊಸ ದಾರಿ ಕಲಿಯುವುದು. ಕೈ ಪೂರ್ತಿ ಬಾರದಿದ್ದರೆ ಉಪಾಯ ಬೇರೆ. ಚಮಚದ ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಸಿಗಿಸಿ ದಪ್ಪ ಮಾಡೋದು, ಗುಂಡಿಯ ಬದಲು ಅಂಟುಪಟ್ಟಿ ಹೊಲಿಸೋದು, ಬಚ್ಚಲಲ್ಲಿ ಸ್ಟೂಲು ಇಟ್ಟು ಗೋಡೆಗೆ ಕಂಬಿ ಹೊಡೆಸೋದು, ಅಂಗಡಿಯ ಸಾಮಾನೆಲ್ಲ ಕೂತಲ್ಲೇ ಎಡಗೈಗೆ ಸಿಗೋ ಹಾಗೆ ಜೋಡಿಸೋದು. ಲಕ್ವದ ನಂತರ ಮೊದಲ ಮೂರು ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು. ನಮ್ಮ ಜನ ಆ ಮೂರು ತಿಂಗಳನ್ನು ‘ರೆಸ್ಟು ಮಾಡಲಿ’ ಅಂತ ಮಂಚದ ಮೇಲೆ ಕಳೆಯುತ್ತಾರೆ.

ಪ್ರೀತಿಯೇ ಶತ್ರು

ಹೊಸ ಥೆರಪಿಸ್ಟಿಗೆ ಪುಸ್ತಕದಲ್ಲಿ ಪೂರ್ತಿ ಸಿಗದ ಪಾಠ ಒಂದಿದೆ. ಅದು ನಮ್ಮ ಮನೆಗಳ ಪ್ರೀತಿ. ಸೊಸೆ ಅನ್ನ ಕಲಸಿ ಬಾಯಿಗಿಡುತ್ತಾಳೆ. ಹೆಂಡತಿ ಅಂಗಿ ತೊಡಿಸುತ್ತಾಳೆ. ಮಗ ತೋಳು ಹಿಡಿದು ಎಳೆದು ಎಬ್ಬಿಸುತ್ತಾನೆ. ‘ಪಾಪ, ಅವರಿಗ್ಯಾಕೆ ತ್ರಾಸು?’ ಎಲ್ಲ ಒಳ್ಳೆ ಮನಸ್ಸಿನಿಂದಲೇ. ಆದರೆ ದಿನಕ್ಕೆ ಹತ್ತು ಸಲ ಕೈಗೆ ಸಿಗಬೇಕಾಗಿದ್ದ ಅಭ್ಯಾಸ ಹೀಗೆ ಕೈತಪ್ಪುತ್ತದೆ.

ತುತ್ತು ತಾನೇ ಎತ್ತಲಿ ಬಿಡಿ, ಅರ್ಧ ಅನ್ನ ಚೆಲ್ಲಲಿ ಅಂತ ಇಪ್ಪತ್ಮೂರು ವರ್ಷದ ಹುಡುಗಿ ಹೇಳಿದರೆ ಮನೆಯ ಹಿರಿಯರು ಕೇಳುತ್ತಾರೆಯೇ? ‘ಕರುಣೆ ಇಲ್ಲದವಳು’ ಅಂತಾರೆ. ಕಸುಬು ಕಲಿತಿದ್ದರೂ ಮನೆಯವರನ್ನು ಒಪ್ಪಿಸೋ ಮಾತು ಕಲಿಯೋಕೆ ಇನ್ನೆರಡು ವರ್ಷ ಬೇಕು. ದೊಡ್ಡ ಆಸ್ಪತ್ರೆಯಲ್ಲಾದರೆ ಪಕ್ಕದಲ್ಲಿ ಸೀನಿಯರ್ ಇರುತ್ತಾರೆ, ಕೇಳಬಹುದು. ಇಲ್ಲಿ ಕೇಳೋಕೆ ಗೋಡೆ ಮಾತ್ರ.

ಓದುಗರು ಈಗಲೇ ಕಟ್ಟಿಕೊಳ್ಳಬಹುದಾದ ಎರಡು ಬುತ್ತಿ: ಅಂಗಿ ಹಾಕುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಬಿದ್ದ ಕೈ ಕೊನೆಗೆ. ಮತ್ತೆ ಲಕ್ವದ ರೋಗಿಯನ್ನು ಬಿದ್ದ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ.

ಅಂಗಡಿ ಲೆಕ್ಕ

ಈಗ ವ್ಯಾಪಾರದ ಮಾತಿಗೆ ಬರೋಣ. ಇದು ನಮ್ಮ ಊಹೆಯ ಲೆಕ್ಕ. ಅಂಗಡಿಯವರು ಬೇಕಾದರೆ ತಿದ್ದಿಕೊಳ್ಳಲಿ. ರೂಮಿನ ಬಾಡಿಗೆ, ಕರೆಂಟು, ಓಡಾಟ ಎಲ್ಲ ಸೇರಿ ತಿಂಗಳಿಗೆ 12,000 ಖರ್ಚು. ಒಂದು ಸಲಕ್ಕೆ ಫೀಜು 300. ಒಬ್ಬರಿಗೆ ಮುಕ್ಕಾಲು ಗಂಟೆಯಾದರೂ ಬೇಕು, ಚೀಟಿ ಬರೆದು ಮುಂದಿನವರನ್ನು ಕರೆಯೋ ಕೆಲಸ ಅಲ್ಲ. ದಿನಕ್ಕೆ ಇಬ್ಬರಂತೆ 25 ದಿನ ಬಂದರೆ 15,000. ಖರ್ಚು ಕಳೆದರೆ ಮಿಕ್ಕಿದ್ದು 3,000. ದಿನಕ್ಕೆ ಆರು ಜನ ಬಂದರೆ 45,000, ಮಿಕ್ಕೋದು 33,000. ಆದರೆ ಎರಡರಿಂದ ಆರಕ್ಕೆ ಹೋಗೋ ತನಕ ಹೊಟ್ಟೆಗೆ ಏನು?

ರೋಗಿಯ ಕಡೆ ಲೆಕ್ಕವೂ ನೋಡಿ. ವಾರಕ್ಕೆ ಮೂರು ಸಲದಂತೆ ಹನ್ನೆರಡು ವಾರಕ್ಕೆ 10,800. ಜಾಸ್ತಿ ಅನ್ನಿಸುತ್ತದೆ. ಮೂರು ತಿಂಗಳು ಶಟರ್ ಇಳಿಸಿದ ಅಂಗಡಿಯ ನಷ್ಟ ಎಷ್ಟು ಅಂತ ಅದರ ಪಕ್ಕದಲ್ಲೇ ಬರೆದು ನೋಡಿ. ಸಾಮಾನ್ಯವಾಗಿ ವಿಮೆಯ ಹಣ ಬರುವುದು ಆಸ್ಪತ್ರೆಯಲ್ಲಿ ಮಲಗಿದ್ದಾಗ. ಮನೆಗೆ ಬಂದ ಮೇಲಿನ ತಿಂಗಳುಗಟ್ಟಲೆ ಥೆರಪಿಗೆ ಬಹುಪಾಲು ಜನಕ್ಕೆ ಸ್ವಂತ ಜೇಬೇ ಗತಿ.

ಹಾಗಾಗಿ ಹುಡುಗರು ಏನು ಮಾಡುತ್ತಾರೆ? ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಲ್ಲಿ ಆಟಿಸಂ ಮಕ್ಕಳ ಸೆಂಟರುಗಳಿವೆ, ತಿಂಗಳ ಸಂಬಳ ಇದೆ. ಇನ್ನೂ ಛಲ ಇದ್ದವರು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಕಡೆ ಮುಖ ಮಾಡುತ್ತಾರೆ. ಅಲ್ಲೆಲ್ಲ ಈ ವಿದ್ಯೆಗೆ ಬೇಡಿಕೆ ಇದೆ. ಅವರನ್ನು ಬೈದು ಫಲವಿಲ್ಲ. 3,000 ರೂಪಾಯಿಗೆ ಊರ ಸೇವೆ ಮಾಡು ಅಂತ ಹೇಳೋ ಹಕ್ಕು ನಮಗ್ಯಾರಿಗಿದೆ?

ಕಾಯ್ದೆಯ ಬಾಲಂಗೋಚಿ

ಸರ್ಕಾರ ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿತು; 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಪುನರ್ವಸತಿ ಸೇವೆ ಒದಗಿಸಬೇಕಾದ್ದು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಅಂತ 27ನೇ ಕಲಂ ಹೇಳುತ್ತದೆ. ಜೊತೆಗೆ ಒಂದು ಬಾಲಂಗೋಚಿ: ತಮ್ಮ ಆರ್ಥಿಕ ಶಕ್ತಿಯ ಮಿತಿಯಲ್ಲಿ. ಆ ಒಂದು ಮಾತು ಸಾಕು, ಫೈಲು ಹತ್ತು ವರ್ಷ ಮಲಗೋಕೆ.

ಮಕ್ಕಳ ವಿಷಯ ಇನ್ನೂ ನಾಜೂಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತಾರೆ. ತೊಂದರೆ ಕಂಡರೆ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಪತ್ತೆಯೇನೋ ಆಗುತ್ತದೆ. ಆದರೆ ಜಗಳೂರಿನ ಆಚೆ ಹಳ್ಳಿಯ ತಾಯಿ ಕುತ್ತಿಗೆ ನಿಲ್ಲದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ವಾರಕ್ಕೆರಡು ಸಲ ಇಲ್ಲಿಗೆ ಬರಬೇಕು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಾದರೆ ಆಕೆಗೆ ಟಿಕೆಟ್ ಇಲ್ಲ. ಖಾಸಗಿ ಬಸ್ಸಾದರೆ ಅದೂ ಇಲ್ಲ. ಟಿಕೆಟ್ ಉಳಿದರೂ ಆ ದಿನದ ಕೂಲಿ ಉಳಿಯಲ್ಲ. ನಾಲ್ಕು ಸಲ ಬಂದವಳು ಐದನೇ ಸಲ ಬರದಿದ್ದರೆ ‘ಅಜ್ಞಾನ’ ಅಂತ ರಿಜಿಸ್ಟರಿನಲ್ಲಿ ಬರೆಯೋದು ಸುಲಭ.

ನಮ್ಮ ದಾವಣಗೆರೆಯ ಮಟ್ಟಿಗೆ ಒಂದು ಸಮಾಧಾನ ಉಂಟು. ಅಂಗವಿಕಲರ ಪುನರ್ವಸತಿಗೆಂದೇ ಇರುವ ಕೇಂದ್ರ ಸರ್ಕಾರದ ಸಿ.ಆರ್.ಸಿ. ಈ ಊರಲ್ಲಿದೆ. ಎಲ್ಲ ಜಿಲ್ಲೆಗೂ ಈ ಭಾಗ್ಯ ಇಲ್ಲ. ಇರೋದನ್ನು ಊರಿನವರು ತಿಳಿದುಕೊಳ್ಳಬೇಕಷ್ಟೆ. ಆದರೆ ಒಂದು ಕೇಂದ್ರ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಮನೆ ಬಾಗಿಲಿಗೆ ಬರೋಕಾಗಲ್ಲ.

ಏನು ಮಾಡಬಹುದು?

ಮೊದಲನೆಯದು ಡಾಕ್ಟರುಗಳ ಕೈಯಲ್ಲಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಇನ್ನೊಂದು ಸಾಲು ಬರೆಯೋಕೆ ದುಡ್ಡು ಬೇಕಿಲ್ಲ. ಆ ಸಾಲು ಬಿದ್ದರೆ ಹೊಸಬರ ದಿನದ ಇಬ್ಬರು ನಾಲ್ವರಾಗುತ್ತಾರೆ.

ಎರಡನೆಯದು ಸರ್ಕಾರದ್ದು. ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಂದು ದಿನವಾದರೂ ಥೆರಪಿಸ್ಟು ಹೋಗೋ ಹಾಗೆ ಗೌರವಧನ ಕೊಟ್ಟು ನೇಮಿಸಿದರೆ ತಾಯಿಯ ಕೂಲಿಯೂ ಉಳಿಯುತ್ತದೆ, ಹುಡುಗಿಯ ರೂಮಿನ ಬಾಡಿಗೆಯೂ ಹುಟ್ಟುತ್ತದೆ.

ಮೂರನೆಯದು ಹೊಸಬರದ್ದೇ. ಬೋರ್ಡು ಹಾಕಿ ಕೂತರೆ ಸಾಲದು. ಈ ವಿದ್ಯೆಗೆ ಮಿಷನ್ನಿನ ಸಾಲ ಬೇಕಿಲ್ಲ ಅನ್ನೋದೇ ದೊಡ್ಡ ಬಂಡವಾಳ. ಮೊದಲ ವರ್ಷ ಅರ್ಧ ದಿನ ಯಾವುದಾದರೂ ಆಸ್ಪತ್ರೆಯಲ್ಲಿ, ಅರ್ಧ ದಿನ ಸ್ವಂತಕ್ಕೆ ಇಟ್ಟುಕೊಂಡರೆ ಹೊಟ್ಟೆಪಾಡೂ ನಡೆಯುತ್ತದೆ, ಪರಿಚಯವೂ ಬೆಳೆಯುತ್ತದೆ. ಅಂಗನವಾಡಿಗೆ, ಶಾಲೆಗೆ, ವರ್ತಕರ ಸಂಘಕ್ಕೆ ಹೋಗಿ ಮಾತಾಡಲಿ. ಬೋರ್ಡಿನಲ್ಲಿ ಇಂಗ್ಲಿಷ್ ಹೆಸರಿನ ಕೆಳಗೆ ‘ಲಕ್ವ, ಪೆಟ್ಟು, ಮಕ್ಕಳ ಬೆಳವಣಿಗೆ ತೊಂದರೆಯವರಿಗೆ ದಿನದ ಕೆಲಸ ಕಲಿಸಲಾಗುವುದು’ ಅಂತ ಒಂದು ಸಾಲು ಬರೆಸಲಿ. ಕಲಿಸಿದ ಮೇಷ್ಟ್ರ ಫೋನ್ ನಂಬರ್ ಮಾತ್ರ ಕಳೆದುಕೊಳ್ಳಬಾರದು.

ನಾಲ್ಕನೆಯದು ನಮ್ಮ ನಿಮ್ಮದು. ಬೋರ್ಡು ನೋಡಿದರೆ ಒಳಗೆ ಹೋಗಿ ಪದವಿ ಯಾವುದು ಅಂತ ಕೇಳಿ; ಕೇಳೋದರಲ್ಲಿ ಅವಮಾನ ಇಲ್ಲ, ನಿಜವಾಗಿ ಓದಿದವರಿಗೆ ಕೋಪವೂ ಬರಲ್ಲ. ‘ಎಷ್ಟು ದಿನದಲ್ಲಿ ಪೂರ್ತಿ ಗುಣ?’ ಅಂತ ಕೇಳಬೇಡಿ. ‘ಯಾವ ಕೆಲಸ ಮೊದಲು ವಾಪಸ್ ಬರುತ್ತೆ?’ ಅಂತ ಕೇಳಿ. ಪೂರ್ತಿ ಗುಣ ಮಾಡ್ತೀನಿ ಅಂದವರ ಹತ್ತಿರ ಎಚ್ಚರ ಇರಲಿ. ಇಷ್ಟು ವಾರದಲ್ಲಿ ಎಡಗೈಯಲ್ಲಿ ಗುಂಡಿ ಹಾಕೋದು ಕಲಿಸೋಕೆ ಪ್ರಯತ್ನ ಮಾಡೋಣ ಅಂದವರ ಹತ್ತಿರ ಕೂತುಕೊಳ್ಳಿ.

ಹೊಸ ಅಂಗಡಿ ಇಟ್ಟವನಿಗೆ ಬೀದಿಯವರು ಬೋಣಿಗೆ ಮಾಡಿ ಕೈ ಹಿಡಿಯೋದು ನಮ್ಮ ಪೇಟೆಯ ರಿವಾಜು. ಈ ಹೊಸ ಕಸುಬಿಗೂ ಆ ರಿವಾಜು ನಡೆಯಲಿ. ಇವತ್ತು ಅವರ ರೂಮು ಮುಚ್ಚಿದರೆ ನಾಳೆ ನಮ್ಮ ಬೀದಿಯಲ್ಲೇ ಇನ್ನೊಂದು ಶಟರ್ ಇಳಿಯುತ್ತದೆ. ಅದು ಯಾರದ್ದು ಅಂತ ಲಕ್ವ ಮೊದಲೇ ಹೇಳಿ ಬರುವುದಿಲ್ಲ.