ಕಿವಿಯೊಳಗಿನ ಕುಬೇರ

ಹೋದ ವರ್ಷ ದೀಪಾವಳಿಯ ಮರುದಿನ ನನ್ನ ತಂಗಿ ಫೋನ್ ಮಾಡಿದಳು. "ಅಕ್ಕಾ, ಇವನ ಜೋಡಿ ನೀನ ಒಮ್ಮೆ ಮಾತಾಡು. ನನ್ನ ಮಾತು ಕೇಳೂ ಹಂಗ ಇಲ್ಲ" ಎಂದಳು. ಅವಳ ಮಗನಿಗೆ ಇಪ್ಪತ್ತೊಂಬತ್ತು ವಯಸ್ಸು. ತಾಲ್ಲೂಕು ಊರೊಂದರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಕೈಗುಣ ಚೆನ್ನಾಗಿದೆ, ದುಡಿಮೆಗೂ ಹಿಂದೆ ಬಿದ್ದವನಲ್ಲ. ಆದರೆ ಮೊದಲ ಅಂಗಡಿಯೇ ಕುಂಟುತ್ತಿರುವಾಗ ತಾಯಿಯ ಬಂಗಾರ ಅಡವಿಟ್ಟು ಎರಡನೆಯ ಅಂಗಡಿ ತೆರೆದಿದ್ದ. ಮೂರು ತಿಂಗಳ ಬಾಡಿಗೆ ನಿಂತಿತ್ತು. ಲೆಕ್ಕ ತೋರಿಸು ಎಂದರೆ ಅವನು ನನಗೂ ಅದನ್ನೇ ಹೇಳಿದ: "ದೊಡ್ಡವ್ವಾ, ಕೊರತಿ ಮಾತು ಆಡಬ್ಯಾಡ. ಕೊರತಿ ಅಂದ್ರ ಕೊರತೀನ ಬರತದ."

ಈ ಮಾತು ಅವನದಲ್ಲ ಎಂಬುದು ನನಗೆ ಆಗಲೇ ಗೊತ್ತಾಯಿತು. ಮೂವತ್ತು ವರ್ಷ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿದವಳು ನಾನು. ಮಕ್ಕಳ ಬಾಯಲ್ಲಿ ಯಾರದೋ ಮಾತು ಬಂದು ಕೂತಿದ್ದರೆ ಅದರ ಧಾಟಿಯಲ್ಲೇ ತಿಳಿಯುತ್ತದೆ. ವಿಚಾರಿಸಿದಾಗ ಹೊರಬಿದ್ದದ್ದು ಧ್ವನಿಪುಸ್ತಕ. ಸಮೃದ್ಧಿಯನ್ನು ಸೆಳೆದುಕೊಳ್ಳುವುದು ಹೇಗೆ, ಹಣದ ಕಂಪನಕ್ಕೆ ಮನಸ್ಸನ್ನು ಶ್ರುತಿ ಮಾಡುವುದು ಹೇಗೆ, ವಿಶ್ವಕ್ಕೆ ಬೇಡಿಕೆ ಸಲ್ಲಿಸುವುದು ಹೇಗೆ, ಇಂಥವು. ರಾತ್ರಿ ಮಲಗುವ ಮುಂಚೆ ಒಂದು ಗಂಟೆ, ಬೆಳಗ್ಗೆ ಅಂಗಡಿ ಬಾಗಿಲು ತೆರೆಯುವಾಗ ಅರ್ಧ ಗಂಟೆ, ಒಂದೂವರೆ ವರ್ಷದಿಂದ. ಇದರಲ್ಲಿ ನನ್ನ ತಪ್ಪೂ ಇದೆ. ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಮಂಕಾಗಿ ಕೂತಿದ್ದಾಗ, "ರಾತ್ರಿ ಏನಾದರೂ ಒಳ್ಳೇದು ಕೇಳಿಕೋತ ಮಲಗಪಾ" ಎಂದು ಇಯರ್‌ಫೋನ್ ಕೊಡಿಸಿದವಳು ನಾನೇ. ಏನು ಕೇಳುತ್ತಿದ್ದಾನೆ ಎಂದು ಆಮೇಲೆ ಒಂದು ದಿನವೂ ಕೇಳಲಿಲ್ಲ.

ಬೈಯುವ ಮೊದಲು ತಿಳಿಯಬೇಕಲ್ಲ, ಹಾಗಾಗಿ ಎರಡು ವಾರ ನಾನೂ ಕೇಳಿದೆ. ಮಳೆಯ ಸದ್ದು, ಕೊಳಲು, ಅದರ ಮೇಲೆ ತೇಲಿಬರುವ ಗಂಭೀರ ದನಿ. ಕಣ್ಣು ಮುಚ್ಚಿ, ಉಸಿರು ಬಿಡಿ, ನಿಮ್ಮತ್ತ ಹಣ ಹರಿದು ಬರುವುದನ್ನು ನೋಡಿ. ಸತ್ಯ ಹೇಳಿಬಿಡುತ್ತೇನೆ, ನನಗೆ ಹಿತವಾಯಿತು. ನಾಲ್ಕನೆಯ ರಾತ್ರಿಗೆ ಆ ದನಿಗಾಗಿ ಕಾಯತೊಡಗಿದ್ದೆ. ನಿದ್ದೆಯೂ ಚೆನ್ನಾಗಿ ಬಂತು. ಈ ಹಿತವನ್ನು ಒಪ್ಪಿಕೊಳ್ಳದೆ ಇದರ ಬಗ್ಗೆ ಬರೆಯುವವರು ಯುವಕರಿಗೆ ಬುದ್ಧಿ ಹೇಳಲು ಹೋಗಿ ನಗೆಪಾಟಲಾಗುತ್ತಾರೆ.

ದನಿ ಕಿವಿಯೊಳಗೇ ಕೂತು ಮಾತಾಡುವುದು ಸಣ್ಣ ಸಂಗತಿಯಲ್ಲ. 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ರೇಡಿಯೋ, ದೂರದರ್ಶನದ ನಿರೂಪಕರ ಬಗ್ಗೆ ಬರೆಯುತ್ತ, ಕೇಳುಗನಿಗೆ ಆ ಮನುಷ್ಯ ತನ್ನ ಸ್ವಂತ ಗೆಳೆಯನೆಂಬ ಭಾವನೆ ಬೆಳೆಯುತ್ತದೆ, ಆದರೆ ಗೆಳೆತನವೆಲ್ಲ ಒಂದೇ ಕಡೆಯದು ಎಂದು ತೋರಿಸಿದ್ದರು. ಅದೇ 1956ರಲ್ಲಿ ಅರ್ಲ್ ನೈಟಿಂಗೇಲ್ ಎಂಬ ರೇಡಿಯೋ ನಿರೂಪಕ, ತನ್ನ ವಿಮಾ ಏಜೆನ್ಸಿಯ ಮಾರಾಟಗಾರರಿಗೆ ತಾನಿಲ್ಲದಾಗ ಕೇಳಿಸಲೆಂದು ಒಂದು ಭಾಷಣವನ್ನು ಧ್ವನಿಮುದ್ರಿಸಿದ. ಮನುಷ್ಯ ಏನನ್ನು ಯೋಚಿಸುತ್ತಾನೋ ಅದೇ ಆಗುತ್ತಾನೆ ಎಂಬುದು ಅದರ ತಿರುಳು. ಆ ತಟ್ಟೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇಂದಿನ ಧ್ವನಿಪುಸ್ತಕಗಳಿಗೆಲ್ಲ ಅದೇ ಅಜ್ಜ. ವಿಮೆ ಮಾರುವವರ ಹುರುಪಿಗೆಂದು ಹುಟ್ಟಿದ್ದು ಈಗ ಅಧ್ಯಾತ್ಮದ ಅಂಗಡಿಯಲ್ಲಿ ಕೂತಿದೆ.

ಇನ್ನು 'ಇದು ನಮ್ಮ ಋಷಿಗಳದೇ ಜ್ಞಾನ, ಪಾಶ್ಚಾತ್ಯರು ಈಗ ಕಂಡುಕೊಂಡಿದ್ದಾರೆ' ಎಂಬ ಮಾತು. ಇದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ವಿಲಿಯಂ ವಾಕರ್ ಅಟ್ಕಿನ್ಸನ್. ಬಾಲ್ಟಿಮೋರ್‌ನಲ್ಲಿ ಹುಟ್ಟಿದ ವಕೀಲ. 1906ರಲ್ಲಿ ಆಲೋಚನೆಯ ಕಂಪನ ಮತ್ತು ಆಕರ್ಷಣೆಯ ನಿಯಮದ ಬಗ್ಗೆ ಪುಸ್ತಕ ಬರೆದ. ಅದೇ ಕಾಲದಲ್ಲಿ 'ಯೋಗಿ ರಾಮಚಾರಕ' ಎಂಬ ಹೆಸರಿಟ್ಟುಕೊಂಡು ಯೋಗದ ಪುಸ್ತಕಗಳನ್ನೂ ಬರೆದು ಮಾರಿದ! 1910ರಲ್ಲಿ ವಾಲೇಸ್ ವಾಟಲ್ಸ್ ಸಿರಿವಂತನಾಗುವ ವಿಜ್ಞಾನ ಎಂಬ ಅರ್ಥದ ಪುಸ್ತಕ ಬರೆದ. ಸುಮಾರು ನೂರು ವರ್ಷದ ನಂತರ ಅದನ್ನೋದಿದ ಆಸ್ಟ್ರೇಲಿಯದ ದೂರದರ್ಶನ ನಿರ್ಮಾಪಕಿ ರೋಂಡಾ ಬರ್ನ್ 2006ರಲ್ಲಿ 'ದ ಸೀಕ್ರೆಟ್' ಚಿತ್ರ ಮತ್ತು ಪುಸ್ತಕ ಹೊರತಂದರು. ಅಲ್ಲಿಂದ ನಮ್ಮ ಮೊಬೈಲಿಗೆ ಬರಲು ದಾರಿ ದೂರವೇನಿರಲಿಲ್ಲ.

ಹುಟ್ಟಿದ ಊರು ಯಾವುದಾದರೇನು, ಕೆಲಸ ಮಾಡಿದರೆ ಸಾಕಲ್ಲ ಎನ್ನಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಕೊಡಲು ಪ್ರಯೋಗಗಳಿವೆ.

ಗೇಬ್ರಿಯೇಲ್ ಓಟಿಂಗನ್ ಎಂಬ ಜರ್ಮನ್ ಮನಃಶಾಸ್ತ್ರಜ್ಞೆ ಇದನ್ನೇ ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ತೂಕ ಇಳಿಸಲು ಸೇರಿದ 25 ಮಹಿಳೆಯರಿದ್ದರು. ತೆಳ್ಳಗಾದ ತಮ್ಮನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಂಡವರು, ದಾರಿಯ ಕಷ್ಟವನ್ನೂ ಕಲ್ಪಿಸಿಕೊಂಡವರಿಗಿಂತ ಸುಮಾರು 11 ಕಿಲೊ ಕಡಿಮೆ ಇಳಿಸಿದ್ದರು. ಕೆಲಸ ಹುಡುಕುತ್ತಿದ್ದ ಪದವೀಧರರಲ್ಲೂ ಹೀಗೇ ಆಯಿತು: ಕನಸು ಹೆಚ್ಚು ಕಂಡವರು ಅರ್ಜಿ ಕಡಿಮೆ ಹಾಕಿದರು, ಎರಡು ವರ್ಷದ ನಂತರ ಅವರ ಸಂಬಳವೂ ಕಡಿಮೆಯಿತ್ತು. ಕಾರಣವೇನು? 2011ರಲ್ಲಿ ಹೀದರ್ ಕ್ಯಾಪಿಸ್ ಜೊತೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು, ಸಿಹಿ ಕಲ್ಪನೆಯ ನಂತರ ದೇಹದ ಹುರುಪೇ ಇಳಿಯುತ್ತದೆ, ರಕ್ತದೊತ್ತಡದ ಮೇಲಿನ ಅಂಕಿಯಲ್ಲೂ ಅದು ಕಾಣುತ್ತದೆ. ಮನಸ್ಸು ಊರು ಮುಟ್ಟಿಬಿಟ್ಟಿತು ಎಂದುಕೊಂಡು ಚಪ್ಪಲಿ ಬಿಚ್ಚಿ ಕೂತಂತೆ. ನನಗೆ ನಾಲ್ಕನೆಯ ರಾತ್ರಿ ಬಂದ ಒಳ್ಳೆಯ ನಿದ್ದೆ ಬಹುಶಃ ಇದೇ ಇರಬೇಕು. ಮಲಗುವವರಿಗೆ ಅದು ವರವೇ. ಮಲಗೆದ್ದು ಅಂಗಡಿ ತೆರೆಯಬೇಕಾದವನಿಗೆ ಬೆಳಗ್ಗೆ ಎಂಟಕ್ಕೆ ಅದೇ ದನಿ ಕೇಳಿಸುವುದು ಬೇರೆ ವಿಷಯ.

ಇಲ್ಲೊಂದು ಸೂಕ್ಷ್ಮವಿದೆ, ಅವಸರದಲ್ಲಿ ತಪ್ಪಬಾರದು. ಓಟಿಂಗನ್ ಭರವಸೆಯನ್ನು ಬೈದಿಲ್ಲ. ಹಿಂದಿನ ಅನುಭವದ ಆಧಾರದ ಮೇಲೆ 'ನನ್ನಿಂದ ಆಗುತ್ತದೆ' ಎಂದುಕೊಂಡ ಮಹಿಳೆಯರು ಹೆಚ್ಚೇ ತೂಕ ಇಳಿಸಿದ್ದರು. ಭರವಸೆ ಬೇರೆ, ಹಗಲುಗನಸು ಬೇರೆ. ಧ್ವನಿಪುಸ್ತಕಗಳು ಎರಡನ್ನೂ ಒಂದೇ ಚೀಲದಲ್ಲಿ ತುಂಬಿ ಮಾರುತ್ತವೆ. 1999ರಲ್ಲಿ ಫಾಮ್ ಮತ್ತು ಟೇಲರ್ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕೆಲವರು ದಿನಾ ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಂಡರು, ಕೆಲವರು ತಾವು ಕೂತು ಓದುತ್ತಿರುವಂತೆ ಕಲ್ಪಿಸಿಕೊಂಡರು. ಓದುವುದನ್ನು ಕಲ್ಪಿಸಿಕೊಂಡವರು ನಿಜಕ್ಕೂ ಹೆಚ್ಚು ಓದಿದರು, ಅಂಕವೂ ಹೆಚ್ಚು ಬಂತು. ಅಂದರೆ ಕಲ್ಪನೆ ಕೆಲಸ ಮಾಡುತ್ತದೆ, ಕಾಯಕವನ್ನು ಕಲ್ಪಿಸಿಕೊಂಡಾಗ.

'ನಾನು ಶ್ರೀಮಂತ, ನಾನು ಯೋಗ್ಯ' ಎಂದು ನೂರು ಸಲ ಹೇಳಿಕೊಳ್ಳುವುದರ ಬಗ್ಗೆಯೂ ಒಂದು ಮಾತು. ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಆತ್ಮಗೌರವ ಗಟ್ಟಿಯಿದ್ದವರಿಗೆ ಇಂಥ ಮಾತಿನಿಂದ ತುಸು ಲಾಭ. ಕುಗ್ಗಿದವರಿಗೆ ಇನ್ನಷ್ಟು ಕುಗ್ಗು. ಒಳಗಿನ ಮನಸ್ಸು 'ಸುಳ್ಳು, ಸುಳ್ಳು' ಎಂದು ಎದುರುತ್ತರ ಕೊಡುತ್ತದೆ. ಯಾರಿಗೆ ಈ ಮದ್ದು ಬೇಕೆಂದು ಮಾರುತ್ತಾರೋ ಅವರಿಗೇ ಇದು ನಂಜು. ಹಾಗಿದ್ದೂ ಜನ ನಂಬುವುದೇಕೆ ಎಂದರೆ, ಮತ್ತೆಮತ್ತೆ ಕೇಳಿದ ಮಾತು ನಿಜವೆನಿಸುತ್ತದೆ. ಇದನ್ನು 1977ರಲ್ಲೇ ಪ್ರಯೋಗದಿಂದ ತೋರಿಸಲಾಗಿದೆ. ಒಂದೂವರೆ ವರ್ಷ, ದಿನಕ್ಕೆ ಒಂದೂವರೆ ಗಂಟೆ ಕೇಳಿದ ಹುಡುಗನಿಗೆ ಅದು ಹೇಗೆ ಅನ್ನಿಸಿರಬೇಡ!

2023ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರನ್ನು ಈ ಬಗ್ಗೆ ಕೇಳಿದರು. ಈ ನಂಬಿಕೆ ಬಲವಾಗಿದ್ದವರು ತಾವು ಯಶಸ್ವಿಗಳೆಂದು ಹೆಚ್ಚು ಭಾವಿಸಿದ್ದರು. ಹಣದ ಅಪಾಯಕ್ಕೆ ಕೈಹಾಕುವ ಒಲವೂ, ಹಿಂದೆ ದಿವಾಳಿಯಾದ ಅನುಭವವೂ ಅವರಲ್ಲಿ ಹೆಚ್ಚಿತ್ತು. ನಂಬಿಕೆಯಿಂದ ದಿವಾಳಿಯೋ, ದಿವಾಳಿಯಾದವರೇ ನಂಬಿಕೆಗೆ ಬಂದರೋ, ಅಂಥ ಸಮೀಕ್ಷೆಯಿಂದ ಹೇಳಲಾಗದು. ಆದರೂ ಅದನ್ನು ಓದುವಾಗ ನನ್ನ ಕಣ್ಣಮುಂದೆ ಬಂದದ್ದು ತಂಗಿಯ ಬೋಳು ಕೊರಳು.

ಈ ನಂಬಿಕೆಯ ಕರಾಳ ಮುಖ ಸೋತಾಗ ಕಾಣುತ್ತದೆ. ಬಂದದ್ದೆಲ್ಲ ನಿನ್ನ ಆಲೋಚನೆಯ ಫಲವಾದರೆ, ಬಾರದ್ದೂ ನಿನ್ನ ಆಲೋಚನೆಯ ದೋಷವೇ. ನಮ್ಮ ಹುಡುಗ ಮೂರು ತಿಂಗಳು ಬಾಡಿಗೆ ಕಟ್ಟದಿದ್ದುದನ್ನು ಯಾರಿಗೂ ಹೇಳದೆ ಇದ್ದದ್ದು ಇದಕ್ಕೇ. ತನ್ನ ಒಳಗೆ ಎಲ್ಲೋ ಅನುಮಾನ ಉಳಿದಿದೆ, ಅದಕ್ಕೇ ಗಿರಾಕಿ ಬರುತ್ತಿಲ್ಲ ಎಂದು ರಾತ್ರಿ ಇನ್ನರ್ಧ ಗಂಟೆ ಹೆಚ್ಚು ಕೇಳುತ್ತಿದ್ದ. ಎದುರಿನ ರಸ್ತೆ ಅಗೆದು ಐದು ತಿಂಗಳಾಗಿತ್ತು ಎಂಬುದು ಅವನ ಲೆಕ್ಕಕ್ಕೇ ಬಂದಿರಲಿಲ್ಲ. 'ದ ಸೀಕ್ರೆಟ್' ಚಿತ್ರದಲ್ಲಿ ಕಾಣಿಸಿಕೊಂಡಿದ್ದ ಗುರುಗಳಲ್ಲೊಬ್ಬ ಜೇಮ್ಸ್ ರೇ. 2009ರಲ್ಲಿ ಅರಿಜೋನಾದ ಸೆಡೋನಾದಲ್ಲಿ ಆತ ನಡೆಸಿದ ಬೆವರುಗುಡಾರದ ಶಿಬಿರದಲ್ಲಿ ಮೂವರು ಸತ್ತರು. 2011ರಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದಿತು.

ಜಗತ್ತು ನ್ಯಾಯವಾಗಿದೆ, ಆದ್ದರಿಂದ ನರಳುವವನು ಏನೋ ಮಾಡಿರಲೇಬೇಕು ಎಂದು ನಂಬುವ ಚಪಲ ಮನುಷ್ಯನಿಗಿದೆ ಎಂದು ಮೆಲ್ವಿನ್ ಲರ್ನರ್ 1960ರ ದಶಕದಲ್ಲಿ ತೋರಿಸಿದ. ಬಸವಾದಿ ಶರಣರನ್ನು ಓದಿದ ನಮಗೆ ಇದು ಹೊಸದೇ? ಬಡವನಿಗೆ 'ನಿನ್ನ ಹಿಂದಿನ ಜನ್ಮದ ಕರ್ಮ' ಎನ್ನುತ್ತಿದ್ದರು. ಈಗ 'ನಿನ್ನ ಕಂಪನ ಸರಿಯಿಲ್ಲ' ಎನ್ನುತ್ತಾರೆ. ಹೊಲದಲ್ಲಿ ದಿನವಿಡೀ ಕಳೆ ಕೀಳುವ ಹೆಂಗಸಿನ ಕೂಲಿ ಕಡಿಮೆಯಿರುವುದು ಅವಳ ಆಲೋಚನೆಯಿಂದಲ್ಲ. ಹನ್ನೆರಡನೆಯ ಶತಮಾನದಲ್ಲಿ ಹೊರಗೆ ಹಾಕಿದ ವಾದವೊಂದು ವೇಷ ಬದಲಿಸಿ ಇಯರ್‌ಫೋನ್ ಮೂಲಕ ಒಳಗೆ ಬಂದಿದೆ, ಅಷ್ಟೇ.

ಒಳಗೆ ಎಂದರೆ ನಮ್ಮ ಮಠದ ಒಳಗೂ. ಕೆಲವು ತಿಂಗಳ ಹಿಂದೆ ಒಂದು ಮಠದ ಯುವ ಶಿಬಿರಕ್ಕೆ ಹೋಗಿದ್ದೆ. ಹೊರಗಿನಿಂದ ಬಂದ ಭಾಷಣಕಾರರು ಬಹಳ ಉತ್ಸಾಹದಿಂದ, 'ಇಷ್ಟ' ಎಂದರೆ ಬಯಕೆ, ಬಯಸಿದ್ದನ್ನು ಕೊಡುವುದೇ ಇಷ್ಟಲಿಂಗ, ಆದ್ದರಿಂದ ಪೂಜೆಯ ಹೊತ್ತಿನಲ್ಲಿ ನಿಮ್ಮ ಕಾರು, ಮನೆ ಅಂಗೈಯಲ್ಲಿ ಕಾಣಿರಿ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹಿರಿಯರಾದ ನಾವು ಯಾರೂ ಎದ್ದು ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿ ನೆಡುವುದು 'ನಾನು' ಕರಗಲೆಂದು. 'ನನಗೆ ಬೇಕು' ಬೆಳೆಯಲೆಂದಲ್ಲ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದ ಕಥೆಯನ್ನು ಅದೇ ಶಿಬಿರದ ಬೆಳಗಿನ ಗೋಷ್ಠಿಯಲ್ಲಿ ಹೇಳಿದ್ದರು. ಸಂಜೆಯ ಹೊತ್ತಿಗೆ ವಿಶ್ವದಿಂದ ಹೆಚ್ಚು ಅಕ್ಕಿ ತರಿಸುವ ಪಾಠ. ಸಂಘಟಕರು ಭಾಷಣಕಾರರನ್ನು ಕರೆಯುವ ಮುನ್ನ ಒಂದು ಗಂಟೆ ಅವರ ಮಾತು ಕೇಳಿಬಿಡಲಿ ಎಂದು ನನ್ನ ವಿನಂತಿ.

ತಂಗಿಯ ಮಗನ ಮುಂದೆ ಇದನ್ನೆಲ್ಲ ನಾನು ಹೇಳಲಿಲ್ಲ. ಹೇಳಿದ್ದರೆ ಎದ್ದು ಹೋಗುತ್ತಿದ್ದ. ಓಟಿಂಗನ್ ಹೇಳಿಕೊಡುವ ಸರಳ ಪದ್ಧತಿಯೊಂದಿದೆ: ಬಯಕೆ ಏನು, ಈಡೇರಿದರೆ ಏನಾಗುತ್ತದೆ, ಒಳಗಿನ ಅಡ್ಡಿ ಯಾವುದು, ಅಡ್ಡಿ ಎದುರಾದಾಗ ಏನು ಮಾಡುತ್ತೀ. ನೋಟ್‌ಬುಕ್ ಕೊಟ್ಟು ನಾಲ್ಕನ್ನೂ ಬರೆ ಎಂದೆ. ಮೊದಲೆರಡನ್ನು ಹರಿಯುವ ನೀರಿನಂತೆ ಬರೆದ, ಅಭ್ಯಾಸವಾಗಿತ್ತಲ್ಲ. ಮೂರನೆಯದಕ್ಕೆ ಪೆನ್ನು ನಿಂತಿತು. ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದೆ. ಅವನು ಬರೆದದ್ದು ಬಂಡವಾಳದ ಬಗ್ಗೆಯೂ ಅಲ್ಲ, ರಸ್ತೆಯ ಬಗ್ಗೆಯೂ ಅಲ್ಲ: 'ಸೋತೆ ಅಂತ ಅಪ್ಪಗ ಹೇಳಾಕ ಅಂಜಿಕಿ.' ಅದರ ಕೆಳಗೆ, 'ಐತವಾರ ಊಟ ಆದ ಮ್ಯಾಲ ಹೇಳತೀನಿ.'

ಹೇಳಿದ. ಅವರಪ್ಪ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಅಂಗಡಿಗೆ ಹೋಗಿ ಲೆಕ್ಕಕ್ಕೆ ಕೂತರು. ಎರಡನೆಯ ಅಂಗಡಿ ಮುಚ್ಚಿದೆ. ಬಂಗಾರ ಇನ್ನೂ ಬಿಡಿಸಿಲ್ಲ, ಬಡ್ಡಿ ತಿಂಗಳಾ ಕಟ್ಟುತ್ತಿದ್ದಾನೆ. ಹೋದ ವಾರ ಅವರ ಮನೆಯಲ್ಲಿ ಉಳಿದಿದ್ದೆ. ರಾತ್ರಿ ಅವನ ಕೋಣೆಯ ಬಾಗಿಲು ತುಸು ತೆರೆದಿತ್ತು, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆ ದಿನದ ರಿಪೇರಿಗಳ ಚೀಟಿ ಕೂಡಿಸುತ್ತಿದ್ದ. "ಏನು ಕೇಳಾಕತ್ತೀಯೋ?" ಎಂದೆ ಈ ಸಲ. ಅವನು ಇನ್ನೊಂದು ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟ.